ಪ್ರಭಾವವೋ, ಒತ್ತಡವೋ, ಮುಲಾಜೋ?

ನಮಸ್ಕಾರ.

2003ರ ಇರಾಕ್ ಯುದ್ಧದ ಹೊತ್ತಿನಲ್ಲಿ ಐರೋಪ್ಯ ಒಕ್ಕೂಟ ಇಬ್ಭಾಗವಾದುದರ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಮೂರು ದಿನಗಳಿಂದ ಅಲ್ಲೇ ನಿಂತಿದ್ದೇನೆ. ಯುರೋಪಿನ ವಿದೇಶಾಂಗ ನೀತಿಯ ಮೇಲೆ ಅಮೆರಿಕ ಬೀರಿದ್ದು ‘ಪ್ರಭಾವ’ ಎಂದು ಮೊದಲು ಬರೆದೆ, ಸಪ್ಪೆಯಾಯಿತು. ಅದನ್ನು ಹೊಡೆದು ‘ಒತ್ತಡ’ ಎಂದೆ. ಹಾಗೆಂದರೆ ಎಲ್ಲವೂ ಬಲವಂತದಿಂದಲೇ ನಡೆಯಿತು ಎಂದಾಗುತ್ತದೆ.

ನಡೆದದ್ದು ಹೀಗೆ. ಜನವರಿ 27ರಂದು ಒಕ್ಕೂಟದ ವಿದೇಶಾಂಗ ಸಚಿವರು ಇರಾಕ್ ಕುರಿತು ಒಂದು ಮಾತಿಗೆ ಬಂದಿದ್ದರು. 30ರಂದು ಬ್ರಿಟನ್, ಸ್ಪೇನ್, ಇಟಲಿ, ಪೋರ್ಚುಗಲ್, ಡೆನ್ಮಾರ್ಕ್‌ಗಳ ನಾಯಕರು, ಆಗಿನ್ನೂ ಒಕ್ಕೂಟದ ಹೊಸ್ತಿಲಲ್ಲಿದ್ದ ಪೋಲೆಂಡ್, ಹಂಗೆರಿ, ಜೆಕ್ ನಾಯಕರೊಂದಿಗೆ ಸೇರಿ ಅಮೆರಿಕದ ಪರವಾಗಿ ಪತ್ರಿಕೆಗಳಲ್ಲಿ ಬಹಿರಂಗ ಪತ್ರ ಪ್ರಕಟಿಸಿದರು. ಫೆಬ್ರವರಿ 5ರಂದು ಮಧ್ಯ ಮತ್ತು ಪೂರ್ವ ಯುರೋಪಿನ ಇನ್ನೂ 10 ದೇಶಗಳು ಅದೇ ದನಿಯ ಹೇಳಿಕೆ ಹೊರಡಿಸಿದವು. ಅವುಗಳಲ್ಲಿ ಏಳಕ್ಕೆ ಅಮೆರಿಕವೂ ಇರುವ ಸೇನಾ ಕೂಟ ನ್ಯಾಟೋ ಸೇರಲು ಆಹ್ವಾನ ಬಂದು ಮೂರು ತಿಂಗಳೂ ತುಂಬಿರಲಿಲ್ಲ, ಆ ಸೇರ್ಪಡೆಗೆ ಅಮೆರಿಕದ ಸೆನೆಟ್ಟಿನ ಒಪ್ಪಿಗೆ ಇನ್ನೂ ಬಾಕಿಯಿತ್ತು. ಬಾಯಿ ಮುಚ್ಚಿಕೊಂಡಿರುವ ಒಳ್ಳೆಯ ಅವಕಾಶವನ್ನು ಇವರು ಕಳೆದುಕೊಂಡರು ಎಂದು, ಯುದ್ಧವನ್ನು ವಿರೋಧಿಸುತ್ತಿದ್ದ ಫ್ರಾನ್ಸಿನ ಅಧ್ಯಕ್ಷ ಶಿರಾಕ್ ಸಿಡುಕಿದರು.

ಈ ಏಳು ದೇಶಗಳ ಸ್ಥಿತಿಗೆ ನನಗೆ ಹೊಳೆದ ಪದ ‘ಮುಲಾಜು’. ಮಗನ ಕೆಲಸಕ್ಕೆ ಶಿಫಾರಸು ಮಾಡಬೇಕಾದವರು ಪಂಚಾಯಿತಿಯಲ್ಲಿ ಎದುರಿಗೆ ಕುಳಿತಿದ್ದರೆ ನಾಲಿಗೆ ತಾನಾಗಿಯೇ ಹಿಂದೆ ಸರಿಯುತ್ತದೆ. ಯಾರೂ ಗದರಿಸಿರುವುದಿಲ್ಲ, ಏನನ್ನೂ ಕೇಳಿರುವುದೂ ಇಲ್ಲ. ‘ಪ್ರಭಾವ’ದಲ್ಲಿ ಬೀರುವವನಷ್ಟೇ ಕಾಣುತ್ತಾನೆ, ‘ಮುಲಾಜಿ’ನಲ್ಲಿ ಒಳಗಾಗುವವನ ಮನಸ್ಸೂ ಕಾಣುತ್ತದೆ. ಪೋಲೆಂಡಿಗೆ ಮಾತ್ರ ‘ಹಂಗು’ ಎನ್ನುವುದೇ ಸರಿಯೇನೋ. ಸೋವಿಯತ್ ಹಿಡಿತದಿಂದ ಬಿಡಿಸಿಕೊಳ್ಳುವಾಗ ಬೆನ್ನಿಗೆ ನಿಂತದ್ದು ಅಮೆರಿಕ ಎಂಬ ನೆನಪು ಅಲ್ಲಿ ಗಾಢವಾಗಿತ್ತು. ಹಂಗು ಹಿಂದೆ ಪಡೆದುದಕ್ಕೆ, ಮುಲಾಜು ಮುಂದೆ ಬೇಕಾಗುವುದಕ್ಕೂ ಹೌದು ಎಂಬುದು ನನ್ನ ಗ್ರಹಿಕೆ. ಬ್ರಿಟನ್ನಿಗೆ ಎರಡೂ ಒಗ್ಗವು. ಅದರ ಪ್ರಧಾನಿ ಬ್ಲೇರ್ ತಾವೇ ನಂಬಿ ಹೊರಟವರು.

ಇನ್ನೊಂದು ತೊಡಕು: ಸದಸ್ಯ ದೇಶಗಳೆಲ್ಲ ಕೂಡಿ ನಡೆಸುವ ಒಕ್ಕೂಟದ ನೀತಿಯನ್ನು ‘ಸಾಮಾನ್ಯ ವಿದೇಶಾಂಗ ನೀತಿ’ ಎಂದರೆ ಕನ್ನಡದ ಕಿವಿಗೆ ಮಾಮೂಲಿ ನೀತಿ ಎಂದೇ ಕೇಳುತ್ತದೆ. ‘ಒಮ್ಮತದ ನೀತಿ’ ಎಂದರೆ, ಒಮ್ಮತವೇ ಮುರಿದ ಕಥೆಯಲ್ಲಿ ಅದು ಹೊಂದುವುದಿಲ್ಲ. ಕೂಡುಕುಟುಂಬದ ಮಾದರಿಯಲ್ಲಿ ‘ಕೂಡುನೀತಿ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಒಂದೇ ಮನೆ, ಒಳಗೆ ಬೇರೆ ಬೇರೆ ಮನಸ್ಸು ಎಂಬುದೂ ಅದರಲ್ಲಿ ಅಡಗಿದೆ.

ನನ್ನ ಅಳುಕು ‘ಮುಲಾಜಿ’ನ ಬಗ್ಗೆಯೇ. ಅರಬ್ಬಿ ಮೂಲದ ಈ ಪದ ಪತ್ರಿಕೆಗಳಲ್ಲಿ ಹೆಚ್ಚಾಗಿ ‘ಮುಲಾಜಿಲ್ಲದೆ ಕ್ರಮ’ ಎಂದೇ ಬರುತ್ತದೆ. ಇಲ್ಲದಿರುವುದಕ್ಕೆ ಬಿಟ್ಟರೆ ಇರುವುದಕ್ಕೆ ಅದನ್ನು ಅಷ್ಟಾಗಿ ಬಳಸುವುದಿಲ್ಲ. ‘ಅಮೆರಿಕದ ಮುಲಾಜಿಗೆ ಒಳಗಾದವು’ ಎಂದು ಗಂಭೀರ ಲೇಖನದಲ್ಲಿ ಬರೆದರೆ ನಿಮಗೆ ಹೇಗೆ ಕೇಳುತ್ತದೆ? ‘ಒಳಗಾಗು’, ‘ಬೀಳು’, ‘ಸಿಲುಕು’ ಇವುಗಳಲ್ಲಿ ನಿಮ್ಮ ಕಡೆ ಮುಲಾಜಿನ ಜೊತೆ ಬಳಕೆಯಲ್ಲಿರುವುದು ಯಾವುದು?