ಕೀಲುವಾತಕ್ಕೇ ಅಂತ ಒಬ್ಬ ಸಿಸ್ಟರ್: ದುಡ್ಡು ಹಾಕಬಹುದಾ?

ಪ್ರಶ್ನೆ: ನಮ್ಮೂರ ಟ್ರಸ್ಟ್ ಆಸ್ಪತ್ರೆಗೆ ತಿಂಗಳಿಗೆ ಎರಡು ಸಲ ಬೆಂಗಳೂರಿನಿಂದ ರುಮಟಾಲಜಿ, ಅಂದರೆ ಕೀಲುವಾತದ ಡಾಕ್ಟರು ಬರುತ್ತಾರೆ. ಒಬ್ಬ ನರ್ಸ್‌ಗೆ ಈ ಕಾಯಿಲೆಯ ತರಬೇತಿ ಕೊಟ್ಟು ಇಟ್ಟುಕೊಳ್ಳಿ ಅನ್ನುತ್ತಿದ್ದಾರೆ. ಕಮಿಟಿಯಲ್ಲಿ ಕೆಲವರು ಆ ದುಡ್ಡಿಗೆ ಮೆಷಿನ್ ತರೋಣ ಅಂತಾರೆ. ಅನುಭವ ಇದ್ದವರು ಹೇಳಿ.

ಹಾಸನದಿಂದ:
ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಕೀಲುವಾತದ ಒಂದು ಬಗೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಒಂದು ಗಂಟೆ ಬೇಕಿತ್ತು. ಡಾಕ್ಟರು ಮೆಥೊಟ್ರೆಕ್ಸೇಟ್ ಬರೆದರು. ಅದು ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ಚೀಟಿಯಲ್ಲಿ ಇಂಗ್ಲಿಷ್‌ನಲ್ಲಿ ಹಾಗೇ ಇತ್ತು. ಅಮ್ಮ ಮಾತ್ರ ಬಿಪಿ ಮಾತ್ರೆ ಜೊತೆ ಅದನ್ನೂ ದಿನಾ ನುಂಗಿದರು. ವಾರ ಕಳೆಯುವಷ್ಟರಲ್ಲಿ ಬಾಯಿ ತುಂಬಾ ಹುಣ್ಣು, ಮಜ್ಜಿಗೆ ಅನ್ನವೂ ಇಳಿಯುತ್ತಿಲ್ಲ. ನಾವೋ, ಉಷ್ಣ ಅಂದುಕೊಂಡು ಎಳನೀರು ಕುಡಿಸಿದೆವು! ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ ಪೂರಾ ಇಳಿದಿತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಜೀವ ಹೋಗಬಹುದಾದ ತಪ್ಪು ಅದು.

ಆಮೇಲೆ ಹೋದ ಕಡೆ ಇದಕ್ಕೇ ಅಂತ ಒಬ್ಬ ಸಿಸ್ಟರ್ ಇದ್ದರು. "ಅಮ್ಮಾ, ನಿಮ್ಮೂರ ಸಂತೆ ಯಾವತ್ತು?" ಅಂದರು. "ಮಂಗಳವಾರ." "ಹಾಗಾದ್ರೆ ಇದು ಸಂತೆ ದಿನದ ಮಾತ್ರೆ. ಬೇರೆ ದಿನ ಮುಟ್ಟಬಾರದು." ಕ್ಯಾಲೆಂಡರ್‌ನಲ್ಲಿ ಮಂಗಳವಾರಕ್ಕೆಲ್ಲ ಸುತ್ತು ಹಾಕಿದರು. ಅದರ ಜೊತೆ ಕೊಡುವ ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಮಾತ್ರೆ ಯಾವತ್ತು ಅಂತ ಅಮ್ಮನ ಬಾಯಿಂದಲೇ ಹೇಳಿಸಿದರು. ಇಪ್ಪತ್ತು ನಿಮಿಷ ಹಿಡಿಯಿತು. ಹೊರಗೆ ಅರವತ್ತು ಜನ ಕಾಯುವಾಗ ಡಾಕ್ಟರಿಗೆ ಅಷ್ಟು ಹೊತ್ತು ಎಲ್ಲಿ ಸಿಗಬೇಕು?

ಇಂಗ್ಲೆಂಡ್‌ನಿಂದ:
ನನಗೇ ಈ ಕಾಯಿಲೆ, ಹನ್ನೊಂದು ವರ್ಷವಾಯಿತು. ಇಲ್ಲಿ ನನ್ನನ್ನು ಜಾಸ್ತಿ ನೋಡುವುದು ನರ್ಸೇ. ಮಂಡಿ ಊದಿದರೆ ಸಹಾಯವಾಣಿಗೆ ಮೆಸೇಜ್ ಬಿಡುತ್ತೇನೆ. ಒಂದು ಕೆಲಸದ ದಿನದೊಳಗೆ ಸಲಹೆ ಸಿಗಬೇಕು ಅಂತ ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ಇಲ್ಲಿನ ನೈಸ್ ಸಂಸ್ಥೆಯ ಮಾನದಂಡ. ಬ್ರಿಟನ್ನಿನ 10 ಕ್ಲಿನಿಕ್‌ಗಳ 181 ರೋಗಿಗಳ ಮೇಲೆ ನಡೆದ ಅಧ್ಯಯನ 2014ರಲ್ಲಿ ಬಂತು. ನರ್ಸ್ ನೋಡಿಕೊಂಡವರು ಡಾಕ್ಟರು ನೋಡಿಕೊಂಡವರಿಗಿಂತ ಹಿಂದೆ ಬೀಳಲಿಲ್ಲ. ಕಮಿಟಿಯವರಿಗೆ ಇದನ್ನು ತೋರಿಸಿ.

ಎಲ್ಲ ಚೆಂದ ಅಂತಲ್ಲ. ನಾನು ಮೂರು ದಿನ ಕಾದದ್ದೂ ಇದೆ. ಇರುವ ಒಬ್ಬರು ರಜೆ ಹಾಕಿದರೆ ಮುಗೀತು. ಸಾಧ್ಯವಾದರೆ ಇಬ್ಬರಿಗೆ ಕಲಿಸಿ.

ಒಬ್ಬ ನರ್ಸ್:
ತರಬೇತಿ ಕೊಟ್ಟ ಮೇಲೆ ಅವರನ್ನು ವಾರ್ಡ್ ಡ್ಯೂಟಿಗೆ ಎಳೆಯಬೇಡಿ, ಎಲ್ಲ ಕಡೆ ಆಗೋದು ಅದೇ. ರಕ್ತ ಪರೀಕ್ಷೆ ತಪ್ಪಿಸಿದವರಿಗೆ ಫೋನ್ ಮಾಡುವುದು, ಬಯೋಲಾಜಿಕ್ ಅನ್ನುವ, ರೋಗನಿರೋಧಕ ಶಕ್ತಿ ತಗ್ಗಿಸುವ ಇಂಜೆಕ್ಷನ್ ಶುರುವಾಗುವ ಮೊದಲು ಟಿಬಿ ಪರೀಕ್ಷೆ ಆಗಿದೆಯಾ ನೋಡುವುದು, ಇದೇ ದಿನವಿಡೀ ಆಗುತ್ತದೆ. ಇನ್ನೊಂದು ಮಾತು. ಮಗು ಬೇಕು ಅಂದರೆ ಮೆಥೊಟ್ರೆಕ್ಸೇಟನ್ನು ತಿಂಗಳುಗಳ ಮೊದಲೇ ನಿಲ್ಲಿಸಬೇಕು. ಜೊತೆಗೆ ಅತ್ತೆ ಕೂತಿದ್ದರೆ ಹುಡುಗಿಯರು ಡಾಕ್ಟರ ಹತ್ತಿರ ಆ ಮಾತೇ ಎತ್ತಲ್ಲ. ಆಮೇಲೆ ಬಾಗಿಲ ಹತ್ತಿರ ನಿಂತು "ಸಿಸ್ಟರ್, ಒಂದು ನಿಮಿಷ" ಅಂತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಇಬ್ಬರ ಸಂಬಳದ ಲೆಕ್ಕ ಹಾಕಿಕೊಂಡೇ ಮೀಟಿಂಗ್‌ಗೆ ಹೋಗುತ್ತೇನೆ. ನಮ್ಮೂರ ಸಂತೆ ಭಾನುವಾರ, ಆಸ್ಪತ್ರೆಗೆ ರಜೆ. ಅದೇ ದಿನ ಮಾತ್ರೆ ನಡೆಯುತ್ತಾ?

ಹಾಸನದಿಂದ:
ನಡೆಯುತ್ತೆ ಸಾರ್. ಸೋಮವಾರ ಬೆಳಿಗ್ಗೆ ಫೋನ್ ಎತ್ತುವವರು ಇದ್ದರೆ ಸಾಕು.