‘ಮೆಫಿಟಿಕ್’ ಅಂದರೆ ಬರೀ ಗಬ್ಬುನಾತವಾ?

ಪ್ರಶ್ನೆ

ಹಳೆಯ ಇಂಗ್ಲಿಷ್ ಪ್ರವಾಸಕಥನ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಲ್ಕು ದಿನದಿಂದ ಒಂದೇ ಸಾಲಿನಲ್ಲಿ ನಿಂತುಬಿಟ್ಟಿದ್ದೇನೆ. ಗುಹೆಯ ಬಾಯಲ್ಲಿ ಕೊಳೆತ ಮೊಟ್ಟೆಯ ನಾತ. ಮೂಗು ಮುಚ್ಚಿಕೊಂಡೇ ಒಬ್ಬ ಒಳಗೆ ಇಳಿಯುತ್ತಾನೆ. ಕೆಳಗೆ ಹೋದ ಮೇಲೆ ನಾತ ಕಮ್ಮಿಯಾಗುತ್ತದೆ. ಆದರೆ ಕೈಯಲ್ಲಿದ್ದ ದೀಪ ಸಣ್ಣಗಾಗಿ ಆರಿಹೋಗುತ್ತದೆ. ಅಲ್ಲಿನ ಗಾಳಿಯನ್ನು ಅವನು ‘ಮೆಫಿಟಿಕ್’ ಅನ್ನುತ್ತಾನೆ.

ನಿಘಂಟು ನೋಡಿ ‘ದುರ್ವಾಸನೆಯ ಗಾಳಿ’ ಅಂತ ಬರೆದೆ. ಓದಿ ನೋಡಿದೆ, ಹೊಡೆದುಹಾಕಿದೆ. ನಾತಕ್ಕೆ ದೀಪ ಯಾಕೆ ಆರಬೇಕು? ಈ ಪದ ಎಲ್ಲಿಂದ ಬಂತು, ಯಾರಿಗಾದರೂ ಗೊತ್ತಾ?

ಉತ್ತರ 1

ನಿಮ್ಮ ಅನುಮಾನ ಸರಿ. ಇದರ ಹಿಂದೆ ಒಬ್ಬ ದೇವತೆ ಇದ್ದಾಳೆ! ರೋಮನ್ನರಿಗಿಂತ ಮೊದಲೇ ದಕ್ಷಿಣ ಇಟಲಿಯ ಜನ ಮೆಫಿಟಿಸ್ ಅನ್ನುವ ದೇವಿಯನ್ನು ಪೂಜಿಸುತ್ತಿದ್ದರು. ಅವಳ ದೊಡ್ಡ ನೆಲೆ ಕಂಪಾನಿಯಾ ಸೀಮೆಯ ಅನ್ಸಾಂತೊ ಕಣಿವೆ. ಅಲ್ಲಿ ಇವತ್ತಿಗೂ ಬೂದುಬಣ್ಣದ ಕೆಸರುನೀರು ಗುಳುಗುಳು ಅನ್ನುತ್ತದೆ. ಅದು ಬಿಸಿಗೆ ಕುದಿಯುವುದಲ್ಲ, ನೆಲದೊಳಗಿನ ಗ್ಯಾಸ್ ಉಕ್ಕುವುದು. ಹತ್ತಿರ ಹೋದ ಪ್ರಾಣಿಗಳು ಸಾಯುತ್ತವೆ. ಜನ ಹರಕೆಗೆ ಒಪ್ಪಿಸಿದ ಮರದ ಗೊಂಬೆಗಳು ಅಲ್ಲೇ ಸಿಕ್ಕಿವೆ.

ಲ್ಯಾಟಿನ್‌ನಲ್ಲಿ ‘ಮೆಫಿಟಿಸ್’ ಅಂದರೆ ನೆಲದಿಂದ ಏಳುವ ಕೆಟ್ಟ ಹಬೆ. ಅದರಿಂದ ಇಂಗ್ಲಿಷಿನ ‘ಮೆಫಿಟಿಕ್’. ಕ್ರಿ.ಶ. 69ರಲ್ಲಿ ಸೈನಿಕರು ಕ್ರೆಮೋನಾ ಊರನ್ನು ಸುಟ್ಟಾಗ ಗೋಡೆಯಾಚೆಗಿದ್ದ ಇವಳ ಗುಡಿ ಮಾತ್ರ ಉಳಿಯಿತು ಅಂತ ರೋಮನ್ ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. ನನಗೆ ಬಹಳ ಇಷ್ಟವಾದ ವಿಷಯ ಇದು, ಅದಕ್ಕೇ ಹೇಳಿದೆ.

ಉತ್ತರ 2

ನಾನು ರಸಾಯನಶಾಸ್ತ್ರ ಪಾಠ ಮಾಡುವವಳು. ದೀಪ ಆರಿಸಿದ್ದು ಕಾರ್ಬನ್ ಡೈಆಕ್ಸೈಡ್ ಇರಬೇಕು. ಅದಕ್ಕೆ ನಾತ ಇಲ್ಲ. ಗಾಳಿಗಿಂತ ಭಾರ, ಹಾಗಾಗಿ ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡಿನದು. ಅದು ಜಾಸ್ತಿಯಾದಾಗ ಮೂಗೇ ಕೆಲಸ ನಿಲ್ಲಿಸುತ್ತದೆ. ನಿಮ್ಮ ಪ್ರವಾಸಿಗೆ ನಾತ ಕಮ್ಮಿಯಾಯಿತು ಅನ್ನಿಸಿದ್ದು ಬಹಳ ಅಪಾಯದ ಗಳಿಗೆ. ಆ ಸಾಲನ್ನು ದಯವಿಟ್ಟು ಬಿಡಬೇಡಿ.

ಹಿಂದೆ ವಿಜ್ಞಾನಿಗಳೂ ಈ ಪದ ಬಳಸುತ್ತಿದ್ದರು. ನೈಟ್ರೋಜನ್ ಕಂಡುಹಿಡಿದ ಡೇನಿಯಲ್ ರುದರ್‌ಫೋರ್ಡ್ 1772ರಲ್ಲಿ ಬರೆದ ಲ್ಯಾಟಿನ್ ಪ್ರಬಂಧದ ಹೆಸರಲ್ಲೇ ಇದು ಇದೆ. ಅಲ್ಲಿ ಅದು ಉಸಿರಾಡಲು ಆಗದ ಗಾಳಿ. ನಾತದ ಮಾತೇ ಇಲ್ಲ.

ಉತ್ತರ 3

ಸ್ಕಂಕ್ ಗೊತ್ತಲ್ವಾ, ಬಾಲ ಎತ್ತಿ ನಾತದ ದ್ರವ ಚಿಮ್ಮುವ ಪ್ರಾಣಿ? ಪಟ್ಟೆ ಇರುವ ಜಾತಿಯ ವೈಜ್ಞಾನಿಕ ಹೆಸರು ‘ಮೆಫಿಟಿಸ್ ಮೆಫಿಟಿಸ್’. ಎರಡು ಸಲ!

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂಗಿನ ವಿಷಯ ಓದಿ ಮೈ ಜುಂ ಅಂತು. ‘ವಿಷಗಾಳಿ’ ಅಂತ ಬರೆಯೋಣ ಅಂದುಕೊಂಡೆ, ಆದರೆ ಅದರಲ್ಲಿ ನೆಲ ಕಾಣುವುದಿಲ್ಲ. ಈಗ ಹೀಗೆ ಬರೆದಿದ್ದೇನೆ: ‘ಒಳಗೆ ಹೋದ ಹಾಗೆ ನಾತ ಇಳಿಯಿತು. ದೀಪ ಸಣ್ಣಗಾಯಿತು, ಆರಿತು. ಕಾಲ ಬುಡದಲ್ಲಿ ನಿಂತಿದ್ದದ್ದು ನೆಲ ಬಿಟ್ಟ ಕೊಲ್ಲುವ ಉಸಿರು.’