ಹಳೇ ಝೆನ್‌ಗೆ ನೈಟ್ರಸ್ ಹಾಕಿಸಬಹುದಾ? ಎಂಜಿನ್ ಪೂರ್ತಿ ಸ್ಟಾಕ್ (ಕಂಪನಿ ಕೊಟ್ಟ ಹಾಗೇ ಇದೆ)

ತುಮಕೂರು ಝೆನ್:
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ 2003ರ ಮಾರುತಿ ಝೆನ್ ಕಾರು ಇದೆ. ಎಂಪಿಎಫ್‌ಐ (ಇಂಜೆಕ್ಟರ್ ಇರೋ) ಎಂಜಿನ್, 993 ಸಿಸಿ, ಕಂಪನಿ ಲೆಕ್ಕದಲ್ಲಿ 60 ಎಚ್‌ಪಿ. ಅಪ್ಪ ತಗೊಂಡಿದ್ದ ಗಾಡಿ, ಮಾರೋಕೆ ಮನಸ್ಸಿಲ್ಲ. 1 ಲಕ್ಷ 40 ಸಾವಿರ ಕಿಲೋಮೀಟರ್ ಓಡಿದೆ, ಎಂಜಿನ್ ಇನ್ನೂ ಬಿಚ್ಚಿಲ್ಲ. ಊರೊಳಗೆ ಈಗಲೂ ಚುರುಕು. ಆದರೆ ಹೈವೇಗೆ ಬಂದರೆ ಮೊನ್ನೆ ಮೊನ್ನೆ ಬಂದ ಗಾಡಿಗಳೆಲ್ಲ ಪಕ್ಕದಲ್ಲೇ ಸುಯ್ ಅಂತ ಹೋಗುತ್ತವೆ, ಹೊಟ್ಟೆ ಉರಿಯುತ್ತೆ. ಗೆಳೆಯನೊಬ್ಬ ಹೇಳಿದ, ನೈಟ್ರಸ್ ಕಿಟ್ ಹಾಕಿಸು, 40-50 ಎಚ್‌ಪಿ ಸುಮ್ನೆ ಸಿಗುತ್ತೆ, ಎಂಜಿನ್ ಮುಟ್ಟೋದೇ ಬೇಡ ಅಂತ. ಸೆಕೆಂಡ್ ಹ್ಯಾಂಡ್ ಕಿಟ್ ಒಂದು ನೋಡಿದ್ದೇನೆ, ಡ್ರೈ ಕಿಟ್, ಸಿಲಿಂಡರ್ ಸಮೇತ ಕೊಡುತ್ತಾರಂತೆ. ಗ್ಯಾಸನ್ನ ಆಸ್ಪತ್ರೆಗಳಿಗೆ ಸಪ್ಲೈ ಮಾಡೋರ ಹತ್ರ ತುಂಬಿಸಬಹುದು ಅಂದ. ನಿಜವಾಗಿ ಆಗೋ ಮಾತಾ ಇದು? ಬೈಯೋದಾದರೆ ಕಾರಣ ಹೇಳಿ ಬೈಯಿರಿ.

ಗ್ಯಾರೇಜ್ ಮಾವ:
ಬೈಯಲ್ಲ ತಮ್ಮಾ, ನಿನ್ನ ವಯಸ್ಸಲ್ಲಿ ನಾನೂ ಎಸ್ಟೀಮ್ ಇಟ್ಟುಕೊಂಡು ಇದೇ ಕನಸು ಕಂಡವನೇ.

ಮೊದಲು ಒಂದು ತಪ್ಪು ತಿಳುವಳಿಕೆ ತೆಗೆದುಬಿಡೋಣ. ನೈಟ್ರಸ್, ಅಂದರೆ ನೈಟ್ರಸ್ ಆಕ್ಸೈಡ್, ಉರಿಯೋ ಗ್ಯಾಸ್ ಅಲ್ಲ. ಅದು ಆಕ್ಸಿಜನ್ ಹೊತ್ತು ತರುತ್ತೆ, ಅಷ್ಟೇ. ಗಾಳಿಯ ತೂಕದಲ್ಲಿ ಆಕ್ಸಿಜನ್ ಶೇ 23ರಷ್ಟು, ನೈಟ್ರಸ್‌ನಲ್ಲಿ ಶೇ 36. ಎಂಜಿನ್ ಸಿಲಿಂಡರ್ ಒಳಗೆ ಸುಮಾರು 300 ಡಿಗ್ರಿ ದಾಟಿದ ಮೇಲೆ ಅದು ಒಡೆದು ಆಕ್ಸಿಜನ್ ಬಿಡುತ್ತೆ. ಜೊತೆಗೆ ಬಾಟಲಿಯಿಂದ ಹೊರಗೆ ಬರುವಾಗ ಮೈನಸ್ 88 ಡಿಗ್ರಿಯಲ್ಲೇ ಕುದಿಯೋ ಪದಾರ್ಥ ಆದ್ದರಿಂದ ಒಳಗೆ ಹೋಗೋ ಗಾಳಿಯನ್ನೂ ತಣ್ಣಗೆ ಮಾಡುತ್ತೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಇದನ್ನೇ ಯುದ್ಧವಿಮಾನದ ಎಂಜಿನ್‌ಗೆ ಬಿಡುತ್ತಿದ್ದರು, ಮೇಲೆ ಗಾಳಿ ತೆಳ್ಳಗಾದಾಗ. ನಮ್ಮ ಬೆಂಗಳೂರೇ 900 ಮೀಟರ್ ಎತ್ತರ, ಸಮುದ್ರದ ಮಟ್ಟಕ್ಕೆ ಹೋಲಿಸಿದರೆ ಇಲ್ಲೂ ಎಂಜಿನ್‌ಗೆ ಸ್ವಲ್ಪ ಉಸಿರು ಕಮ್ಮಿಯೇ. ಹಾಗಾಗಿ ಐಡಿಯಾ ಏನೂ ಕೆಟ್ಟದ್ದಲ್ಲ.

ಆದರೆ ಆಕ್ಸಿಜನ್ ಜಾಸ್ತಿ ಆದ ಮೇಲೆ ಪೆಟ್ರೋಲೂ ಜಾಸ್ತಿ ಬೇಕಲ್ವಾ? ಅದನ್ನ ಯಾರು ಕೊಡುತ್ತಾರೆ? ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯೋಕೆ 15 ಕೆಜಿ ಹತ್ತಿರ ಗಾಳಿ ಬೇಕು. ನೈಟ್ರಸ್ ಆದರೆ ಒಂಬತ್ತೂವರೆ ಕೆಜಿ ಹತ್ತಿರ ಸಾಕು. ಡ್ರೈ ಕಿಟ್ ಬರೀ ಗ್ಯಾಸ್ ಬಿಡುತ್ತೆ, ಪೆಟ್ರೋಲ್ ಹೆಚ್ಚಿಸೋ ಕೆಲಸವನ್ನ ಗಾಡಿಯ ಇಂಜೆಕ್ಟರ್‌ಗಳೇ ಮಾಡಬೇಕು. ನಿನ್ನ ಹಳೇ ಇಸಿಯುಗೆ (ಎಂಜಿನ್ ಕಂಪ್ಯೂಟರ್‌ಗೆ) ಗ್ಯಾಸ್ ಬಂತು ಅನ್ನೋದೇ ಗೊತ್ತಾಗಲ್ಲ. ಫುಲ್ ಆಕ್ಸಿಲರೇಟರ್ ಒತ್ತಿದಾಗ ಅದು ಆಕ್ಸಿಜನ್ ಸೆನ್ಸರ್ ಮಾತನ್ನೂ ಕೇಳಲ್ಲ, ತನ್ನ ಬಾಯಿಪಾಠದ ಲೆಕ್ಕದಲ್ಲೇ ಪೆಟ್ರೋಲ್ ಹಾಕುತ್ತೆ. ಈಗ ಬಂಕಲ್ಲಿ ಸಿಗೋದು ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಬೇರೆ, ಎಥನಾಲ್‌ಗೆ ಅಷ್ಟೇ ಗಾಳಿಗೆ ಇನ್ನೂ ಜಾಸ್ತಿ ಸುರಿಯಬೇಕು. ಅಂದರೆ ಗ್ಯಾಸ್ ಬಿಡೋಕೆ ಮುಂಚೆಯೇ ನಿನ್ನ ಗಾಡಿ ಒಂಚೂರು ಲೀನ್ ಓಡುತ್ತಿದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ.

ಹಾಕಲೇಬೇಕು ಅಂದರೆ ವೆಟ್ ಕಿಟ್, ಗ್ಯಾಸ್ ಜೊತೆಗೇ ಪೆಟ್ರೋಲನ್ನೂ ನಾಜಲ್‌ನಿಂದ ಹೊಡೆಯೋದು. 20 ಎಚ್‌ಪಿ ಜೆಟ್‌ಗಿಂತ (ಗ್ಯಾಸ್ ಎಷ್ಟು ಹೋಗಬೇಕು ಅಂತ ಅಳೆಯೋ ತೂತು) ಮೇಲೆ ಹೋಗಬೇಡ. ಪೆಡಲ್ ಪೂರ್ತಿ ಒತ್ತಿದಾಗ ಮಾತ್ರ, 3000 ಆರ್‌ಪಿಎಂ ದಾಟಿದ ಮೇಲೆ ಮಾತ್ರ ಬಿಡೋ ಹಾಗೆ ಸ್ವಿಚ್ ಇರಬೇಕು. ಬಿಸಿ ಬೇಗ ಬಿಟ್ಟುಕೊಡೋ ಒಂದು ಹಂತ ಕೋಲ್ಡ್ ಸ್ಪಾರ್ಕ್ ಪ್ಲಗ್, ಕಿಡಿ ಹೊತ್ತೋ ಟೈಮಿಂಗ್ ಸ್ವಲ್ಪ ಹಿಂದಕ್ಕೆ, ಹೊಸ ಪೆಟ್ರೋಲ್ ಪಂಪ್. 20 ಅಂದರೆ ನಗಬೇಡ, 60ಕ್ಕೆ 20 ಅಂದರೆ ಮೂರರಲ್ಲಿ ಒಂದು ಪಾಲು. 50 ಕೊಡುತ್ತೇನೆ ಅಂದವನಿಗೆ ನಿನ್ನ ಪಿಸ್ಟನ್ 72 ಎಂಎಂ ಅಗಲದ ಅಲ್ಯೂಮಿನಿಯಂ ಬಟ್ಟಲು ಅನ್ನೋದು ಗೊತ್ತಿಲ್ಲ.

ಇದೆಲ್ಲ ಆಮೇಲೆ. ಮೊದಲು ಕಂಪ್ರೆಷನ್ (ಎಂಜಿನ್ ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ ನಾಲ್ಕೂ ಸಿಲಿಂಡರ್ ನಂಬರ್ ಇಲ್ಲಿ ಹಾಕು.

ಹಳೇ ಪಿಸ್ಟನ್:
ಮಾವ ಹೇಳಿದ ಡ್ರೈ ಕಿಟ್ ಕಥೆಯ ಪ್ರತ್ಯಕ್ಷ ಸಾಕ್ಷಿ ನಾನು. ನನ್ನದು 1.3 ಎಂಜಿನ್, ಸ್ಟಾಕ್, ಡ್ರೈ ಕಿಟ್, ಹಾಕಿಕೊಟ್ಟವರು ಊರಲ್ಲಿ ದೊಡ್ಡ ಹೆಸರಿನವರು. ಮೊದಲ ಎರಡು ಸಲ ಬಟನ್ ಒತ್ತಿದಾಗ ಬೆನ್ನು ಸೀಟಿಗೆ ಅಂಟಿಕೊಂಡಿತು, ಸುಳ್ಳು ಹೇಳಲ್ಲ, ಅಂಥ ಮಜಾ ಇನ್ಯಾವುದರಲ್ಲೂ ಸಿಕ್ಕಿಲ್ಲ. ಮೂರನೇ ಸಲ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು, ಒಂದೇ ಸೆಕೆಂಡು ಇರಬಹುದು, ಆಮೇಲೆ ಕನ್ನಡಿ ತುಂಬ ನೀಲಿ ಹೊಗೆ.

ಬಿಚ್ಚಿ ನೋಡಿದರೆ ಪೆಟ್ರೋಲ್ ಫಿಲ್ಟರ್ ಅರ್ಧ ಕಟ್ಟಿಕೊಂಡಿತ್ತು. ಪೆಟ್ರೋಲ್ ಸಾಲದೆ ಒಳಗೆ ಬಿಸಿ ಏರಿದೆ, ಅಷ್ಟೇ ತಪ್ಪು. ಎರಡನೇ ಪಿಸ್ಟನ್ ಅಂಚು ಇಲಿ ಕಡಿದ ಹಾಗೆ ಕರಗಿ ಹೋಗಿತ್ತು, ಮೇಲಿನ ರಿಂಗ್ ಮೂರು ತುಂಡು. ಪ್ಲಗ್ ಮೇಲೆ ಬೆಳ್ಳಗೆ ಸಣ್ಣ ಸಣ್ಣ ಚುಕ್ಕೆ, ಮೊದಲು ಧೂಳು ಅಂದುಕೊಂಡೆ, ಉಗುರಲ್ಲಿ ಕೆರೆದರೂ ಬರಲಿಲ್ಲ. ಪಿಸ್ಟನ್‌ನದೇ ಅಲ್ಯೂಮಿನಿಯಂ ಅದು. ಆ ಪಿಸ್ಟನ್ ಈಗ ನನ್ನ ಮೇಜಿನ ಮೇಲಿದೆ, ಪೆನ್ನು ಹಾಕಿಡುತ್ತೇನೆ.

ಹಾಕಬೇಡ ಅನ್ನಲ್ಲ. ಸೆಕೆಂಡ್ ಹ್ಯಾಂಡ್ ಕಿಟ್ ಅಂತೂ ಬೇಡ. ಸೋಲನಾಯ್ಡ್ (ಗ್ಯಾಸ್ ಬಿಡೋ ಕರೆಂಟ್ ವಾಲ್ವ್) ಒಂದು ಸಲ ಅಂಟಿಕೊಂಡು ಮುಚ್ಚದೇ ಹೋದರೆ ಕಥೆ ಮುಗೀತು.

ಹತ್ತು ಹನ್ನೆರಡು ಸ್ಪ್ಯಾನರ್:
ಗ್ಯಾಸ್ ವಿಷಯ ಯಾರೂ ಮುಟ್ಟಲಿಲ್ಲ. ಆಸ್ಪತ್ರೆಗೆ ಬರೋ ನೀಲಿ ಸಿಲಿಂಡರ್ ಅರಿವಳಿಕೆಗೆ ಕೊಡೋ ಔಷಧಿ, ಅದನ್ನ ಕಾರಿಗೆ ತುಂಬಿಸಿಕೊಡೋನು ಕಳ್ಳ ದಾರಿಯವನೇ. ಹೊರದೇಶಗಳಲ್ಲಿ ಕಾರಿಗೆ ಅಂತ ಮಾರೋ ನೈಟ್ರಸ್‌ಗೆ ಚೂರು ಸಲ್ಫರ್ ಡೈಆಕ್ಸೈಡ್ ಸೇರಿಸಿರುತ್ತಾರೆ, ಯಾರೂ ಮೂಸಬಾರದು ಅಂತ.

ಇನ್ನೊಂದು, ಬಿಸಿಲು. ನೈಟ್ರಸ್ 36.4 ಡಿಗ್ರಿ ದಾಟಿದರೆ ಬಾಟಲಿಯಲ್ಲಿ ದ್ರವವಾಗಿ ಉಳಿಯೋದೇ ಇಲ್ಲ. ಕಿಟ್‌ಗಳನ್ನ ಟ್ಯೂನ್ ಮಾಡೋದು 900-1000 ಪಿಎಸ್‌ಐ ಒತ್ತಡಕ್ಕೆ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿ ಎಷ್ಟು ಕಾದಿರುತ್ತೆ ಅಂತ ಕೈ ಇಟ್ಟು ನೋಡಿ. ಒತ್ತಡ ಏರಿದರೆ ಗ್ಯಾಸ್ ಜಾಸ್ತಿ ಹೋಗುತ್ತೆ, ಪೆಟ್ರೋಲ್ ಮಾತ್ರ ಅಷ್ಟೇ ಇರುತ್ತೆ, ಮತ್ತೆ ಪಿಸ್ಟನ್ ಅಣ್ಣನ ಪೆನ್ ಸ್ಟ್ಯಾಂಡ್. ಹಳೇ ಬಾಟಲಿಗೆ ಸೇಫ್ಟಿ ಡಿಸ್ಕ್ ಸರಿಯಾಗಿಲ್ಲ ಅಂದರೆ ಅದಕ್ಕಿಂತ ಕೆಟ್ಟದ್ದೂ ಆಗಬಹುದು.

ಕಾನೂನು ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ಸ್ವರೂಪ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡಿ ಆದಮೇಲೆ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 2003ರ ಗಾಡಿ ಅಂದರೆ ಎಫ್‌ಸಿಗೆ (ಆರ್‌ಟಿಒ ಫಿಟ್‌ನೆಸ್ ತಪಾಸಣೆಗೆ) ಹೋಗಲೇಬೇಕು, ಅಲ್ಲಿ ಬಾನೆಟ್ ತೆಗೆಯುತ್ತಾರೆ. ಹೈವೇಯಲ್ಲಿ ಇದರ ಯೋಚನೆಯೇ ಬೇಡ. ಚಟ ಇದ್ದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಥರ ರೇಸ್ ಟ್ರ್ಯಾಕ್ ಇದೆ, ಗಾಡಿಯನ್ನ ಟ್ರಕ್ ಮೇಲೆ ಹಾಕಿಕೊಂಡು ಹೋಗಿ.

ತುಮಕೂರು ಝೆನ್:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಕಂಪ್ರೆಷನ್ ಚೆಕ್ ಮಾಡಿಸಿದೆ. ಒಂದರಿಂದ ನಾಲ್ಕು: 175, 178, 128, 172. ಮೆಕ್ಯಾನಿಕ್ ತಲೆ ಕೆರೆದುಕೊಂಡು, ಹಳೇ ಗಾಡಿ, ಇಷ್ಟು ಇರುತ್ತೆ ಬಿಡಿ ಅಂದ.

ಗ್ಯಾರೇಜ್ ಮಾವ:
ಇರಲ್ಲ. ನಾಲ್ಕರ ನಡುವೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಮೂರನೇ ಪ್ಲಗ್ ತೆಗೆದು ಆ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಚೆಕ್ ಮಾಡಿಸು. ನಂಬರ್ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಇಲ್ಲವೇ ಗ್ಯಾಸ್ಕೆಟ್.

ತುಮಕೂರು ಝೆನ್:
160ಕ್ಕೆ ಬಂತು ಮಾವ. ಈಗ ನೆನಪಾಗುತ್ತಿದೆ, ಎರಡು ತಿಂಗಳಿಂದ ಆಯಿಲ್ ಟಾಪ್ ಅಪ್ ಮಾಡುತ್ತಲೇ ಇದ್ದೇನೆ.

ಹಳೇ ಪಿಸ್ಟನ್:
ಅಂದರೆ ಗ್ಯಾಸ್ ಬಿಟ್ಟಿದ್ದರೆ ಮೂರನೇ ಸಲದವರೆಗೂ ಕಾಯಬೇಕಿರಲಿಲ್ಲ 😄

ಗ್ಯಾರೇಜ್ ಮಾವ:
ಕಿಟ್‌ಗೆ ಇಟ್ಟಿದ್ದ ದುಡ್ಡು ರಿಂಗ್ ಸೆಟ್‌ಗೆ ಹಾಕು. ಎಂಜಿನ್ ಇಳಿಸಿದ ದಿನ ಬೋರ್ (ಪಿಸ್ಟನ್ ಓಡಾಡೋ ಸಿಲಿಂಡರ್ ತೂತು) ಅಳತೆ ತೆಗೆಸದೆ ಪಾರ್ಟ್ಸ್ ತರಬೇಡ. ಬೋರ್ ಸವೆದಿದ್ದರೆ ಓವರ್‌ಸೈಜ್ ಪಿಸ್ಟನ್ ಬೇಕಾಗುತ್ತೆ. ಹಳೇ ಪೆಟ್ರೋಲ್ ರಬ್ಬರ್ ಪೈಪುಗಳನ್ನೂ ಅವತ್ತೇ ಬದಲಾಯಿಸು, ಇ20 ಅವನ್ನ ತಿನ್ನುತ್ತೆ. ಅಳತೆ ಬಂದ ಮೇಲೆ ಇಲ್ಲಿ ಹಾಕು, ನೋಡೋಣ.